ತಂತಿಯಿಲ್ಲದ ವೀಲ್ ಸ್ಕೇಲ್: ತಿರುವಿಗೆ ಹೊಗುವಾಗ ಹಿಂಬದಿ ಜಾರುವ ಡರ್ಟ್ ಕಾರಿಗೆ ಇದರಿಂದ ಏನು ಲಾಭ

ಡರ್ಟ್ ಓವಲ್‌ನಲ್ಲಿ, ಅಂದರೆ ಅಂಡಾಕಾರದ ಮಣ್ಣಿನ ರೇಸ್ ಟ್ರ್ಯಾಕ್‌ನಲ್ಲಿ, ಆಕ್ಸಲರೇಟರ್‌ನಿಂದ ಕಾಲು ತೆಗೆದ ಕೂಡಲೇ ಕಾರಿನ ಹಿಂಬದಿ ಹೊರಕ್ಕೆ ಜಾರುತ್ತಿದ್ದರೆ ಹೆಚ್ಚಿನ ತಂಡಗಳು ಮೊದಲು ಕೈಹಾಕುವುದು ಶಾಕ್ ಅಬ್ಸಾರ್ಬರ್‌ಗೆ, ಆಮೇಲೆ ಸ್ಪ್ರಿಂಗ್‌ಗೆ. ನಾಲ್ಕು ಚಕ್ರಗಳ ಮೇಲೆ ತೂಕ ಹೇಗೆ ಹಂಚಿಹೋಗಿದೆ ಎಂಬುದೇ ಗೊತ್ತಿಲ್ಲದಿದ್ದರೆ ಈ ಬದಲಾವಣೆಗಳೆಲ್ಲ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ಅದಕ್ಕೇ ವೀಲ್ ಸ್ಕೇಲ್, ಅಂದರೆ ಒಂದೊಂದು ಚಕ್ರದ ಮೇಲಿನ ತೂಕವನ್ನೂ ಬೇರೆಬೇರೆಯಾಗಿ ತೋರಿಸುವ ತಕ್ಕಡಿ, ಬೇಕು. ಇಲ್ಲಿ ಹೇಳುತ್ತಿರುವುದು ನಾಲ್ಕು ಪ್ಯಾಡ್‌ಗಳ ತಂತಿಯಿಲ್ಲದ ಸೆಟ್ ಬಗ್ಗೆ: ಪ್ಯಾಡ್ ಒಂದೊಂದೂ 15 ಇಂಚು ಉದ್ದ, 15 ಇಂಚು ಅಗಲ, ಒಂದೊಂದಕ್ಕೂ 1,500 ಪೌಂಡ್ ಸಾಮರ್ಥ್ಯ, ಜೊತೆಗೊಂದು ಕೈಯಲ್ಲಿ ಹಿಡಿಯುವ ಡಿಸ್‌ಪ್ಲೇ. 2,300ರಿಂದ 2,400 ಪೌಂಡ್ ತೂಗುವ ಲೇಟ್ ಮಾಡೆಲ್‌ಗೆ (ಡರ್ಟ್ ರೇಸಿನ ಒಂದು ವರ್ಗದ ಕಾರು) ಈ ಸಾಮರ್ಥ್ಯ ಧಾರಾಳ ಸಾಕು. ದುಡ್ಡು ಹಾಕಬಹುದಾದ ಉಪಕರಣವೇ. ಆದರೆ ಡಿಸ್‌ಪ್ಲೇಯಲ್ಲಿ ಎದ್ದು ಕಾಣುವ ಅಂಕಿಗಿಂತ ಬೇರೊಂದು ಅಂಕಿಯನ್ನು ನೋಡಲು ಕಲಿತವರಿಗೆ ಮಾತ್ರ ಇದರ ಪೂರ್ತಿ ಪ್ರಯೋಜನ ಸಿಗುತ್ತದೆ.

ಸಾಮಾನ್ಯವಾಗಿ ದೊಡ್ಡದಾಗಿ ಕಾಣುವುದು ಕ್ರಾಸ್ ವೇಟ್ ಶೇಕಡಾವಾರು: ಎಡ ಹಿಂದಿನ ಮತ್ತು ಬಲ ಮುಂದಿನ ಚಕ್ರಗಳ ತೂಕ ಕೂಡಿಸಿ, ಒಟ್ಟು ತೂಕದಿಂದ ಭಾಗಿಸಿದ ಲೆಕ್ಕ. ಡರ್ಟ್‌ನಲ್ಲಿ ಅದಕ್ಕಿಂತ ನೇರವಾಗಿ ಮಾತಾಡುವ ಅಂಕಿ ಬೈಟ್, ಅಂದರೆ ಎಡ ಹಿಂದಿನ ಚಕ್ರದ ತೂಕದಲ್ಲಿ ಬಲ ಹಿಂದಿನದನ್ನು ಕಳೆದರೆ ಉಳಿಯುವಷ್ಟು. ಒಂದು ಉದಾಹರಣೆ ನೋಡಿ. ಎಡ ಮುಂದೆ 560, ಬಲ ಮುಂದೆ 500, ಎಡ ಹಿಂದೆ 690, ಬಲ ಹಿಂದೆ 600 ಪೌಂಡ್, ಒಟ್ಟು 2,350. ಎಡಬದಿ ಶೇ. 53.2, ಹಿಂಬದಿ ಶೇ. 54.9, ಕ್ರಾಸ್ ಶೇ. 50.6, ಬೈಟ್ 90 ಪೌಂಡ್.

ಎಡಕ್ಕೆ ತಿರುಗುವ ಟ್ರ್ಯಾಕ್‌ನಲ್ಲಿ ಬೈಟ್ ಎರಡು ಕಡೆ ಎರಡು ಥರ ಕೆಲಸ ಮಾಡುತ್ತದೆ. ಆಕ್ಸಲರೇಟರ್ ಒತ್ತಿದಾಗ ಭಾರ ಹೆಚ್ಚಿರುವ ಎಡ ಹಿಂದಿನ ಚಕ್ರ ಹೆಚ್ಚು ತಳ್ಳುತ್ತದೆ, ಕಾರಿನ ಮೂತಿ ಬಲಕ್ಕೆ ವಾಲುತ್ತದೆ, ಕಾರು ಟೈಟ್ ಆಗುತ್ತದೆ, ಅಂದರೆ ತಿರುಗಲು ಒಲ್ಲೆನ್ನುತ್ತದೆ. ಕಾಲು ತೆಗೆದಾಗಲೋ ಬ್ರೇಕ್ ಒತ್ತಿದಾಗಲೋ ಅದೇ ಚಕ್ರ ಹೆಚ್ಚು ಹಿಂದಕ್ಕೆ ಜಗ್ಗುತ್ತದೆ. ಮೂತಿ ಎಡಕ್ಕೆ ನುಗ್ಗುತ್ತದೆ, ಹಿಂಬದಿ ಬಿಟ್ಟುಕೊಡುತ್ತದೆ. ತಿರುವಿನಿಂದ ಹೊರಬರುವಾಗ ಹಿಡಿತ ಬೇಕೆಂದು ಬೈಟ್ ಏರಿಸುತ್ತಾ ಹೋದವರ ಕಾರು ಒಳಹೋಗುವಾಗ ಅಲ್ಲಾಡುವುದಕ್ಕೆ ಬಹಳ ಸಲ ಇದೇ ಕಾರಣ. ಸ್ಕೇಲ್ ಇಲ್ಲದೆ ಇದನ್ನು ಪತ್ತೆಹಚ್ಚುವುದು ಕಷ್ಟ. ಹಾಗಾಗಿ ಬೈಟ್ ಅನ್ನು ನೇರವಾಗಿ ತೋರಿಸುವ ಡಿಸ್‌ಪ್ಲೇ ಇರುವ ಸೆಟ್ಟನ್ನೇ ಆರಿಸಿ. ಇಲ್ಲದಿದ್ದರೆ ಪ್ರತಿ ಸಲ ಪೆನ್ನು ಹಿಡಿದು ಕಳೆಯುತ್ತಾ ಕೂರಬೇಕು.

ನೆಲದ ವಿಷಯದಲ್ಲಿ ಮಾತ್ರ ಈ ಉಪಕರಣ ಒಂದಿಷ್ಟೂ ಕ್ಷಮಿಸುವುದಿಲ್ಲ. ಪ್ರತಿ ಚಕ್ರದ ಬಳಿ ಸ್ಪ್ರಿಂಗ್ ಬಲ ಇಂಚಿಗೆ 200 ಪೌಂಡ್ ಎಂದಿಟ್ಟುಕೊಳ್ಳಿ. ಒಂದೇ ಒಂದು ಪ್ಯಾಡ್ ಕಾಲು ಇಂಚು ಎತ್ತರದಲ್ಲಿದ್ದರೆ ಪ್ರತಿ ಚಕ್ರದ ಅಂಕಿ ಸುಮಾರು 12 ಪೌಂಡ್ ಸರಿಯುತ್ತದೆ, ಬೈಟ್‌ನಲ್ಲಿ ಅದು 25 ಪೌಂಡ್ ತಪ್ಪಾಗಿ ಕಾಣುತ್ತದೆ. ಪ್ಯಾಡ್ ಎಷ್ಟೇ ನಿಖರವಾಗಿದ್ದರೂ ಈ ತಪ್ಪನ್ನು ಅದು ಸರಿಮಾಡಲಾರದು. ಟ್ಯೂಬ್ ಲೆವೆಲ್ ಅಥವಾ ಲೇಸರ್ ಹಿಡಿದು ನಾಲ್ಕೂ ಪ್ಯಾಡ್‌ಗಳ ಮೇಲ್ಮೈಯನ್ನು ಒಂದೇ ಮಟ್ಟಕ್ಕೆ ತನ್ನಿ. ತಗ್ಗಿದ ಕಡೆ ತೆಳು ತಗಡು ಕೊಡಿ, ಪ್ಯಾಡ್ ಇಡುವ ಜಾಗವನ್ನು ನೆಲದ ಮೇಲೆ ಬಣ್ಣದಿಂದ ಗುರುತು ಮಾಡಿ. ಎತ್ತರ ಹೊಂದಿಸುವ ಕಾಲುಗಳಿರುವ ಸ್ಟ್ಯಾಂಡ್ ಬೇರೆಯಾಗಿ ಕೊಳ್ಳಬೇಕಾಗಿ ಬಂದರೂ ಕೊಳ್ಳಿ. ಅದಿಲ್ಲದೆ ರೇಸ್ ನಡೆಯುವ ಮೈದಾನದ ಮಣ್ಣಿನ ಮೇಲೆ ಸ್ಕೇಲ್ ಹಾಕುವುದು ವ್ಯರ್ಥ.

ತೂಗುವ ಮುಂಚೆ ಟೈರ್ ಗಾಳಿ ರೇಸಿಗೆ ಎಷ್ಟೋ ಅಷ್ಟಿರಲಿ. ಸ್ಟ್ಯಾಗರ್, ಅಂದರೆ ಎಡ ಬಲ ಟೈರ್‌ಗಳ ಸುತ್ತಳತೆಯ ವ್ಯತ್ಯಾಸ, ಟೇಪಿನಲ್ಲಿ ಅಳೆದಿರಬೇಕು. ಹಿಂದಿನ ಒಂದು ಟೈರಿನ ಸುತ್ತಳತೆ 1 ಇಂಚು ಬದಲಾದರೆ ಆ ಮೂಲೆಯ ಎತ್ತರ ಸುಮಾರು 0.16 ಇಂಚು ಬದಲಾಗುತ್ತದೆ, ಮೇಲಿನ ಲೆಕ್ಕದಲ್ಲೇ ಬೈಟ್ 16 ಪೌಂಡ್ ಓಡಾಡುತ್ತದೆ. ಇಂಧನ ರೇಸಿಗೆ ಹೊರಡುವಷ್ಟು, ಸ್ಟೀರಿಂಗ್ ನೇರ, ಸೀಟಿನಲ್ಲಿ ಡ್ರೈವರ್ ಅಥವಾ ಅವರಷ್ಟೇ ತೂಕ. ಎಡ ಹಿಂದಿನ ಲಿಮಿಟ್ ಚೈನ್ (ಆ ಮೂಲೆ ಒಂದು ಮಿತಿಗಿಂತ ಮೇಲೇಳದಂತೆ ತಡೆಯುವ ಸರಪಳಿ) ಬಿಗಿದುಕೊಂಡಿಲ್ಲ ಎಂದು ಕೈಯಿಂದ ಅಲುಗಿಸಿ ನೋಡಿ.

ಇನ್ನೊಂದು ತೊಂದರೆ ಕಣ್ಣಿಗೆ ಕಾಣುವುದಿಲ್ಲ. ಕಾರನ್ನು ಜಾಕ್‌ನಿಂದ ಇಳಿಸಿದಾಗ ಟೈರ್ ಅಡ್ಡಕ್ಕೆ ಸರಿಯಬೇಕು, ಆದರೆ ಪ್ಯಾಡಿನ ಮೇಲ್ಮೈ ಅದನ್ನು ಹಿಡಿದುಕೊಳ್ಳುತ್ತದೆ. ಸಸ್ಪೆನ್ಷನ್ ತನ್ನ ಜಾಗಕ್ಕೆ ಬರದೆ ಅರ್ಧಕ್ಕೇ ನಿಲ್ಲುತ್ತದೆ, ಅಂಕಿ ಸುಳ್ಳಾಗುತ್ತದೆ. ಪ್ರತಿ ಚಕ್ರದ ಕೆಳಗೆ ನಡುವೆ ಗ್ರೀಸ್ ಹಚ್ಚಿದ ಎರಡು ತೆಳು ತಗಡು ಇಟ್ಟು, ಕಾರನ್ನು ಮುಂದೆ ಹಿಂದೆ ನಾಲ್ಕೈದು ಸಲ ಕುಪ್ಪಳಿಸಿ ಓದಿಕೊಳ್ಳಿ. ಕಾರು ಇಳಿಸುವ ಮುಂಚೆ, ಆ ತಗಡುಗಳನ್ನು ಇಟ್ಟ ಮೇಲೆಯೇ ಸ್ಕೇಲನ್ನು ಸೊನ್ನೆಗೆ ತರಬೇಕು.

ಎಡಬದಿ, ಹಿಂಬದಿ ಶೇಕಡಾವಾರು ಸ್ಪ್ರಿಂಗ್ ಅಡ್ಜಸ್ಟರ್ ತಿರುಗಿಸಿದರೆ ಬದಲಾಗುವುದಿಲ್ಲ. ಸೀಸದ ತೂಕವನ್ನೇ ಬೇರೆ ಕಡೆಗೆ ಬೋಲ್ಟ್ ಮಾಡಬೇಕು. ಅದು ಮುಗಿದ ಮೇಲೆ ಬೈಟ್. ಎಡ ಹಿಂದಿನ ಅಡ್ಜಸ್ಟರ್ ಒಂದನ್ನೇ ಸಡಿಲಿಸಿದರೆ ಬೈಟ್ ಇಳಿಯುತ್ತದೆ ನಿಜ, ಜೊತೆಗೆ ಆ ಮೂಲೆಯೂ ಕುಸಿಯುತ್ತದೆ. ಎಡ ಹಿಂದೆ ಮತ್ತು ಬಲ ಮುಂದೆ ಅರ್ಧ ಅರ್ಧ ಸುತ್ತು ಸಡಿಲಿಸಿ, ಎಡ ಮುಂದೆ ಮತ್ತು ಬಲ ಹಿಂದೆ ಅರ್ಧ ಅರ್ಧ ಸುತ್ತು ಬಿಗಿ ಮಾಡಿದರೆ ಎತ್ತರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಇಷ್ಟಕ್ಕೆ ಎಷ್ಟು ಪೌಂಡ್ ಬದಲಾಯಿತು ಎಂದು ಬರೆದಿಟ್ಟುಕೊಳ್ಳಿ. ಆ ಒಂದು ಚೀಟಿ ಕೈಯಲ್ಲಿದ್ದರೆ ರೇಸಿನ ದಿನ ಸ್ಕೇಲ್ ಇಲ್ಲದೆಯೇ ಬೈಟ್ ಇಳಿಸಬಹುದು. ಈ ಸೆಟ್ಟಿನಿಂದ ಸಿಗುವ ಅತಿ ದೊಡ್ಡ ಲಾಭ ಅದೇ ಎನ್ನಬೇಕು.

ಸ್ಕೇಲ್ ತೋರಿಸುವುದು ನಿಂತ ಕಾರಿನ ತೂಕವನ್ನು ಮಾತ್ರ. ಬ್ರೇಕ್ ಮುಟ್ಟಿದಾಗಷ್ಟೇ ಹಿಂಬದಿ ಜಾರಿದರೆ ಬ್ಯಾಲೆನ್ಸ್ ಬಾರ್ (ಮುಂದಿನ ಹಿಂದಿನ ಬ್ರೇಕ್‌ಗಳಿಗೆ ಬಲ ಹಂಚುವ ಸಲಾಕೆ) ನೋಡಿ, ಹಿಂದಿನ ಬ್ರೇಕ್ ಹೆಚ್ಚಾಗಿರುತ್ತದೆ. ಬಾಡಿ ಮೇಲೆದ್ದಾಗ ಆಕ್ಸಲ್ಲನ್ನು ಚಾಸಿಗೆ ಜೋಡಿಸುವ ಎಡ ಹಿಂದಿನ ಬಾರ್‌ಗಳು ಅದನ್ನು ವಿಪರೀತ ಮುಂದಕ್ಕೆ ತಳ್ಳುತ್ತಿದ್ದರೂ ಹಿಂಬದಿ ತಾನಾಗಿಯೇ ಹೊರಕ್ಕೆ ತಿರುಗುತ್ತದೆ. ಅದನ್ನು ಅಳೆಯಲು ಬೇರೆ ಪರೀಕ್ಷೆ ಬೇಕು. ಬ್ರೇಕ್ ಮುಟ್ಟುವ ಮುಂಚೆ, ಬರೀ ಕಾಲು ತೆಗೆದಾಗಲೇ ಜಾರುತ್ತದೆಂದು ಡ್ರೈವರ್ ಹೇಳಿದರೆ ಕಾರನ್ನು ಮತ್ತೆ ಪ್ಯಾಡ್ ಮೇಲೆ ಹತ್ತಿಸುವುದು ಸರಿ.

ಕೊಳ್ಳುವ ಮುಂಚೆ ಎರಡು ಪರೀಕ್ಷೆ ಮಾಡಿ. ಒಂದೇ ತೂಕವನ್ನು ಪ್ಯಾಡಿನ ನಡುವೆ, ಆಮೇಲೆ ನಾಲ್ಕು ಮೂಲೆಗಳಲ್ಲಿ ಇಟ್ಟು ನೋಡಿ. ಅಂಕಿ ಒಂದೇ ಬರಬೇಕು. ನಂತರ ಕಾರನ್ನು ಇಳಿಸಿ ಮತ್ತೆ ಹತ್ತಿಸಿ. ನೆಲ, ಗಾಳಿ, ಗ್ರೀಸ್ ತಗಡು ಎಲ್ಲ ಸರಿಯಿದ್ದೂ ಒಂದೊಂದು ಚಕ್ರದಲ್ಲಿ ಎರಡು ಮೂರು ಪೌಂಡಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಆ ಸೆಟ್ ಬೇಡ. ತಂತಿಯಿಲ್ಲದ್ದರಲ್ಲಿ ಪ್ಯಾಡಿಗೊಂದು ಬ್ಯಾಟರಿ ನೋಡಿಕೊಳ್ಳುವ ಕೆಲಸ ಸೇರುತ್ತದೆ. ಗ್ಯಾರೇಜಿನಲ್ಲಿ ಒಂದೇ ಜಾಗದಲ್ಲಿ ತೂಗುವವರಿಗೆ ತಂತಿಯ ಸೆಟ್ ಕೂಡ ಇಷ್ಟೇ ಚೆನ್ನಾಗಿ ಸಾಗುತ್ತದೆ; ಉಳಿದ ಹಣವನ್ನು ಸ್ಟ್ಯಾಂಡಿಗೆ ಹಾಕಿ.