ತಪ್ಪು ಜಾಗದ ತೂತಿಗೆ ಯಾವ ಮದ್ದು: ಸೂಪರ್ ಗ್ಲೂ, ಇಪಾಕ್ಸಿ, ಡೋವೆಲ್, ಇಲ್ಲವೇ ಅದೇ ಮರದ ಪ್ಲಗ್?

ಎಲೆಕ್ಟ್ರಿಕ್ ಗಿಟಾರಿನ ಬಾಡಿಯಲ್ಲಿ ತೂತು ತಪ್ಪು ಜಾಗದಲ್ಲಿ ಬಿದ್ದಿದ್ದರೆ, ಅದನ್ನು ಅದೇ ಜಾತಿಯ ಮರದ ಪ್ಲಗ್‌ನಿಂದ, ಅಂದರೆ ದುಂಡನೆಯ ಗೂಟದಿಂದ, ಮುಚ್ಚಿ. ಜೊತೆಗೆ ಮಾಮೂಲಿ ಮರದ ಅಂಟು ಸಾಕು. ಸೂಪರ್ ಗ್ಲೂ, ಎರಡು ಭಾಗ ಕಲಸಿ ಹಾಕುವ ಇಪಾಕ್ಸಿ ಅಂಟು, ಡೋವೆಲ್ ಅನ್ನುವ ರೆಡಿಮೇಡ್ ದುಂಡು ಮರದ ಕಡ್ಡಿ, ಡಬ್ಬಿಯಲ್ಲಿ ಬರುವ ಫಿಲ್ಲರ್, ಎಲ್ಲವನ್ನೂ ಹಾಕಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು. ಉಳಿದವುಗಳಿಗೂ ಅವುಗಳದೇ ಜಾಗ ಇದೆ, ಅದನ್ನೂ ಹೇಳುತ್ತೇನೆ. ಆದರೆ ಮುಚ್ಚಿದ ತೂತಿನ ಪಕ್ಕದಲ್ಲೇ ಮತ್ತೆ ಡ್ರಿಲ್ ಹಾಕಬೇಕು ಅಂದರೆ ನನ್ನ ಕೈ ಹೋಗುವುದು ಪ್ಲಗ್ ಕಡೆಗೇ.

ಇಷ್ಟೆಲ್ಲ ಪ್ರಯೋಗಕ್ಕೆ ಕಾರಣ ಒಂದು ಕಿಟ್, ಬಿಡಿ ಭಾಗಗಳಾಗಿ ಬಂದು ನಾವೇ ಜೋಡಿಸಿಕೊಳ್ಳುವ ಗಿಟಾರ್. ಬಾಸ್‌ವುಡ್ ಮರದ ಬಾಡಿ, ಮೇಪಲ್ ಮರದ ನೆಕ್ (ತಂತಿ ಒತ್ತುವ ಉದ್ದನೆಯ ಭಾಗ). ತೂತುಗಳೆಲ್ಲ ಮೊದಲೇ ಕೊರೆದು ಬಂದಿದ್ದವು. ನೆಕ್ ಕೂರಿಸಿ ಅಳೆದು ನೋಡಿದರೆ ಬ್ರಿಜ್‌ನ (ಬಾಡಿ ಮೇಲೆ ತಂತಿಗಳನ್ನು ಹಿಡಿಯುವ ತಟ್ಟೆ) ಸ್ಕ್ರೂ ತೂತುಗಳು ನೆಕ್ ಕಡೆಗೆ 2 ಮಿಲಿಮೀಟರ್ ಸರಿದಿದ್ದವು. ಮೇಲ್ಭಾಗದಲ್ಲಿ, ಎಲ್ಲರ ಕಣ್ಣಿಗೆ ಬೀಳುವ ಕಡೆ, ಪಿಕ್‌ಗಾರ್ಡ್‌ನ (ಬಾಡಿಗೆ ಗೀರು ಬೀಳದಂತೆ ಹಾಕುವ ತೆಳು ಹಾಳೆ) ಒಂದು ತೂತೂ ದಾರಿ ತಪ್ಪಿತ್ತು. ಮಾರಿದವರು ಬಾಡಿ ಬದಲಿಸಿ ಕೊಡಲು ಒಪ್ಪಲಿಲ್ಲ. ಬರೀ 2 ಮಿಲಿಮೀಟರ್ ತಾನೇ ಅಂದರು.

ಆ 2 ಮಿಲಿಮೀಟರ್ ಸಣ್ಣದಲ್ಲ. 25.5 ಇಂಚಿನ ಸ್ಕೇಲ್‌ನಲ್ಲಿ (ತಂತಿ ಮಿಡಿಯುವ ಉದ್ದ) ನಟ್‌ನಿಂದ (ನೆಕ್ ತುದಿಯಲ್ಲಿ ತಂತಿ ಕೂರುವ ಪಟ್ಟಿ) 12ನೇ ಫ್ರೆಟ್‌ಗೆ (ನೆಕ್ ಮೇಲಿನ ಅಡ್ಡ ಲೋಹದ ಗೆರೆ) ಸುಮಾರು 324 ಮಿಲಿಮೀಟರ್. ಅಲ್ಲಿಂದ ಸ್ಯಾಡಲ್‌ಗೆ, ಅಂದರೆ ಬ್ರಿಜ್ ಮೇಲೆ ತಂತಿ ಕೂರುವ, ಹಿಂದೆ ಮುಂದೆ ಸರಿಸಬಹುದಾದ ತುಂಡಿಗೆ, ಮತ್ತೆ ಅಷ್ಟೇ ದೂರ, ಅದರ ಮೇಲೆ ಸ್ವಲ್ಪ ಜಾಸ್ತಿ. ತಂತಿಯನ್ನು ಫ್ರೆಟ್‌ಗೆ ಒತ್ತಿದಾಗ ಅದು ಬಿಗಿಯಾಗಿ ಸ್ವರ ಏರುತ್ತದಲ್ವಾ, ಅದನ್ನು ಸರಿದೂಗಿಸಲು ಸ್ಯಾಡಲ್ ಹಿಂದೆ ಹೋಗಬೇಕು. ದಪ್ಪ ತಂತಿಗಳಿಗೆ ಇನ್ನೂ ಹಿಂದೆ ಹೋಗಬೇಕು. ನನ್ನ ಬ್ರಿಜ್‌ನಲ್ಲಿ ದಪ್ಪ ಇ (E ಸ್ವರದ) ತಂತಿಯ ಸ್ಯಾಡಲ್ ಅನ್ನು ಕೊನೆಯವರೆಗೆ ಎಳೆದರೂ 12ನೇ ಫ್ರೆಟ್‌ನಲ್ಲಿ ಸ್ವರ ಸ್ವಲ್ಪ ಮೇಲಕ್ಕೇ ನಿಲ್ಲುತ್ತಿತ್ತು. ಹಾಗಾಗಿ ಬ್ರಿಜ್ ಜರುಗಿಸಲೇಬೇಕಿತ್ತು.

ನಿಜವಾದ ತಲೆನೋವು ಶುರುವಾಗುವುದು ಇಲ್ಲಿಂದ. ಬ್ರಿಜ್ ಸ್ಕ್ರೂ ತೂತಿನ ಅಗಲ ಸುಮಾರು 3 ಮಿಲಿಮೀಟರ್. ಅದನ್ನು 2 ಮಿಲಿಮೀಟರ್ ಹಿಂದಕ್ಕೆ ತರಬೇಕು. ಅಂದರೆ ಹೊಸ ತೂತಿನ ಒಂದು ಅಂಚು ಹಳೆಯ ತೂತಿನ ಮೇಲೇ ಬೀಳುತ್ತದೆ. ಡ್ರಿಲ್ ಬಿಟ್‌ನ ಒಂದು ಪಕ್ಕ ನೀವು ತುಂಬಿದ ವಸ್ತುವನ್ನು ಕೊರೆಯುತ್ತದೆ, ಇನ್ನೊಂದು ಪಕ್ಕ ಬಾಡಿಯ ಮರವನ್ನು. ಎರಡೂ ಒಂದೇ ಗಟ್ಟಿ ಇದ್ದರೆ ಬಿಟ್ ನೆಟ್ಟಗೆ ಇಳಿಯುತ್ತದೆ. ಇಲ್ಲದಿದ್ದರೆ ಮೆತ್ತಗಿರುವ ಕಡೆಗೆ ವಾಲುತ್ತದೆ. ಬಿಟ್ ಸಣ್ಣದಾದಷ್ಟೂ ಬೇಗ ಬಾಗುತ್ತದೆ, ಹಾಗಾಗಿ ಗಿಟಾರಿನ ಸ್ಕ್ರೂ ತೂತುಗಳಲ್ಲಿ ಈ ಕಾಟ ಜಾಸ್ತಿ.

ಬಾಸ್‌ವುಡ್ ತುಂಬಾ ಮೆದು. ಉಗುರು ಒತ್ತಿದರೂ ಗುರುತು ಬೀಳುತ್ತದೆ. ಅದರೊಳಗೆ ಗಟ್ಟಿಯಾದ ಇಪಾಕ್ಸಿ ಕೂತರೆ ಬಿಟ್‌ಗೆ ಅದು ಕಲ್ಲಿನ ಗೋಡೆ. ಕೈ ಡ್ರಿಲ್‌ನಲ್ಲಿ ಎಷ್ಟು ಗಟ್ಟಿಯಾಗಿ ಹಿಡಿದರೂ ಬಿಟ್ ಆ ಗೋಡೆಯನ್ನು ಸವರಿಕೊಂಡು ಮರದ ಕಡೆಗೆ ಜಾರುತ್ತದೆ. ಬ್ರಿಜ್ 2 ಮಿಲಿಮೀಟರ್ ಬದಲು 3 ಮಿಲಿಮೀಟರ್ ಸರಿಯುತ್ತದೆ, ಅಥವಾ ತೂತು ಓರೆಯಾಗಿ ಸ್ಕ್ರೂ ತಲೆ ಬ್ರಿಜ್ ತಟ್ಟೆಯಲ್ಲಿ ಸಮ ಕೂರುವುದಿಲ್ಲ. ದಬ್ಬಳದಿಂದ ಗುರುತು ಕುತ್ತಿದೆ, 1.5 ಮಿಲಿಮೀಟರ್ ಬಿಟ್‌ನಿಂದ ಮೊದಲು ದಾರಿ ಮಾಡಿದೆ. ಸ್ವಲ್ಪ ವಾಸಿ, ಅಷ್ಟೇ. ತೂತು ಕೊರೆದ ಗಟ್ಟಿ ಹಲಗೆಯನ್ನು ಮೇಲೆ ಕ್ಲ್ಯಾಂಪ್ ಮಾಡಿ ಅದರ ಮೂಲಕ ಬಿಟ್ ಇಳಿಸಿದಾಗ ಮೇಲಿನ ಬಾಯಿ ಸರಿಯಾದ ಜಾಗದಲ್ಲಿ ಬಿತ್ತು, ಆದರೆ ತೂತು ಆಳದಲ್ಲಿ ಆಚೆ ಸರಿದಿತ್ತು. ಈ ಪ್ರಯೋಗವನ್ನೆಲ್ಲ ಮೊದಲು ಬಾಸ್‌ವುಡ್ ತುಂಡಿನ ಮೇಲೆ ಮಾಡಿದ್ದು. ಬಾಡಿ ಮೇಲೆ ಕೈ ಹಾಕುವ ಮುಂಚೆ ಒಂದು ತುಂಡಿನ ಮೇಲೆ ಮಾಡಿ ನೋಡುವುದನ್ನು ದಯವಿಟ್ಟು ಬಿಡಬೇಡಿ.

ಸೂಪರ್ ಗ್ಲೂ ಮತ್ತು ಮರದ ಪುಡಿಯ ಗಾರೆಗೂ ಇದೇ ಕಥೆ. ಒಣಗಿದ ಮೇಲೆ ಸುತ್ತಲಿನ ಮರಕ್ಕಿಂತ ಗಡುಸು. ಬಿಟ್ ಮತ್ತೆ ಜಾರುತ್ತದೆ. ಡೋವೆಲ್ ಕಡ್ಡಿಯೂ ಸಾಮಾನ್ಯವಾಗಿ ಬೀಚ್, ಬರ್ಚ್‌ನಂಥ ಗಟ್ಟಿ ಮರದ್ದು. ಬಾಸ್‌ವುಡ್‌ನಲ್ಲಿ ಅದೂ ಗೋಡೆಯೇ.

ಡೋವೆಲ್‌ನಲ್ಲಿ ಇನ್ನೊಂದು ಸಮಸ್ಯೆ ಇದೆ. ಇದರ ಬಗ್ಗೆ ಯಾಕೋ ಯಾರೂ ಜಾಸ್ತಿ ಮಾತಾಡುವುದಿಲ್ಲ. ಕಡ್ಡಿಯಲ್ಲಿ ಮರದ ಎಳೆ ಉದ್ದಕ್ಕೆ ಹೋಗುತ್ತದೆ. ತೂತಿಗೆ ಇಳಿಸಿದಾಗ ಎಳೆ ನಿಂತಿರುತ್ತದೆ. ಬಾಡಿಯ ಎಳೆಯಾದರೆ ಮಲಗಿರುತ್ತದೆ. ಸ್ಕ್ರೂ ನಿಂತ ಎಳೆಯೊಳಗೆ ಹೋದಾಗ ಅದರ ಸುರುಳಿ ಎಳೆಗಳನ್ನು ತುಂಡು ತುಂಡಾಗಿ ಕತ್ತರಿಸುತ್ತದೆ, ಹಿಡಿತ ಕಡಿಮೆ. ಮಲಗಿದ ಎಳೆಯಾದರೆ ಸ್ಕ್ರೂವಿನ ಸುರುಳಿ ಎಳೆಗಳ ನಡುವೆ ಸೇರಿ ಕಚ್ಚಿ ಕೂರುತ್ತದೆ. ಬಣ್ಣದ ವಿಷಯಕ್ಕೆ ಬಂದರೆ ನಿಂತ ಎಳೆಯ ತುದಿ ಸ್ಟೇನ್ ಅನ್ನು, ಅಂದರೆ ಮರದೊಳಗೆ ಇಳಿಯುವ ಬಣ್ಣವನ್ನು, ಜಾಸ್ತಿ ಹೀರುತ್ತದೆ. ಪಾರದರ್ಶಕ ಫಿನಿಶ್‌ನ ಕೆಳಗೆ ಒಂದು ಕಪ್ಪು ಚುಕ್ಕೆ ಎದ್ದು ಕಾಣುತ್ತದೆ. ದಪ್ಪ ಪೇಂಟ್ ಬಳಿಯುವುದಾದರೆ ಇದರ ಚಿಂತೆ ಬೇಡ.

ಈಗ ನನ್ನ ಮೆಚ್ಚಿನ ಪ್ಲಗ್‌ಗೆ ಬರೋಣ. ಪ್ಲಗ್ ಕಟರ್ ಅಂತ ಒಂದು ಬಿಟ್ ಸಿಗುತ್ತದೆ. ಅದು ತೂತು ಕೊರೆಯುವ ಬದಲು ಹಲಗೆಯ ಮುಖದಿಂದ ದುಂಡನೆಯ ಗೂಟವನ್ನು ಬಿಡಿಸಿಕೊಡುತ್ತದೆ. ಹಾಗೆ ತೆಗೆದ ಪ್ಲಗ್‌ನಲ್ಲಿ ಎಳೆ ಮಲಗಿರುತ್ತದೆ, ಬಾಡಿಯಲ್ಲಿರುವ ಹಾಗೇ. ಬಾಡಿಯ ಅಂಚು ಕತ್ತರಿಸುವಾಗ ಉಳಿದ ತುಂಡು ನಿಮ್ಮ ಹತ್ತಿರ ಇದ್ದರೆ ಮರವೂ ಬಣ್ಣವೂ ಹೆಚ್ಚುಕಡಿಮೆ ಒಂದೇ. ಕಿಟ್ ತಗೊಂಡವರಿಗೆ ಆ ತುಂಡು ಸಿಗುವುದಿಲ್ಲ. ನಾನು ಬೇರೆ ಬಾಸ್‌ವುಡ್ ಹಲಗೆ ತಂದೆ. ತುದಿ ಸ್ವಲ್ಪ ಸಣ್ಣದಾಗುತ್ತಾ ಹೋಗುವ ಪ್ಲಗ್ ಕೊಡುವ ಕಟರ್ ಆರಿಸಿಕೊಳ್ಳಿ. ಬಡಿದು ಇಳಿಸಿದಾಗ ಅಂಚಿನಲ್ಲಿ ಸಂದಿಯೇ ಉಳಿಯದಂತೆ ಬಿಗಿಯಾಗುತ್ತದೆ.

ಇದರಲ್ಲೂ ಎರಡು ತೊಡಕುಗಳಿವೆ. ಒಂದು, ಪ್ಲಗ್ ಕಟರ್‌ಗೆ ನಡುವಿನ ಮೊನೆ ಇಲ್ಲ. ಕೈ ಡ್ರಿಲ್‌ನಲ್ಲಿ ಇಟ್ಟ ಕೂಡಲೇ ಹಲಗೆ ಮೇಲೆ ಕುಣಿಯುತ್ತದೆ. ಎರಡು, 3 ಮಿಲಿಮೀಟರ್ ತೂತನ್ನು ಪ್ಲಗ್‌ನ ಅಳತೆಗೆ, ಅಂದರೆ 8 ಅಥವಾ 10 ಮಿಲಿಮೀಟರ್‌ಗೆ, ಹಿಗ್ಗಿಸಬೇಕು. ಆ ಬಿಟ್‌ನ ಮೊನೆಗೆ ಕಚ್ಚಲು ನಡುವೆ ಮರವೇ ಇಲ್ಲ, ಅಲ್ಲಿ ತೂತಿದೆ. ಎರಡಕ್ಕೂ ಮದ್ದು ಒಂದೇ. ಗಟ್ಟಿ ಪ್ಲೈವುಡ್ ತುಂಡಿನಲ್ಲಿ ಬೇಕಾದ ಅಗಲದ ತೂತು ಕೊರೆದುಕೊಳ್ಳಿ. ಕಟರ್‌ನ ಹೊರ ಅಗಲ ಪ್ಲಗ್‌ಗಿಂತ ದೊಡ್ಡದು, ಅದಕ್ಕೆ ಬೇರೆ ತೂತು ಬೇಕು. ಆ ತುಂಡನ್ನು ಜಾಗಕ್ಕೆ ಕ್ಲ್ಯಾಂಪ್ ಮಾಡಿ, ಬಿಟ್ ಆ ತೂತಿನ ಗೋಡೆಯನ್ನೇ ಹಿಡಿದುಕೊಂಡು ಇಳಿಯುವಂತೆ ಮಾಡಿ. ಡ್ರಿಲ್ ಸ್ಟ್ಯಾಂಡ್ ಇರುವವರಿಗೆ ಈ ತಾಪತ್ರಯ ಕಡಿಮೆ. ಹಿಗ್ಗಿಸುವ ಆಳ ನೋಡಿಕೊಳ್ಳಿ. ಬಿಟ್‌ಗೆ ಟೇಪ್ ಸುತ್ತಿ ಗುರುತು ಮಾಡಿದರೆ ಸಾಕು.

ಪ್ಲಗ್ ಹಾಕುವಾಗ ಅದರ ಎಳೆಯನ್ನು ಬಾಡಿಯ ಎಳೆಯ ದಿಕ್ಕಿಗೆ ತಿರುಗಿಸಿ. ಅಂಟು ಬಳಿದು, ಮರದ ತುಂಡು ಅಡ್ಡ ಇಟ್ಟು ಮೆಲ್ಲಗೆ ಬಡಿಯಿರಿ. ತಲೆ ಸ್ವಲ್ಪ ಮೇಲೇ ಉಳಿಯಲಿ. ಆಮೇಲೆ ಹರಿತವಾದ ಉಳಿಯಿಂದ ಕೊನೆಯ ಪದರ ಬಿಟ್ಟು ಉಳಿದದ್ದನ್ನು ಕೆತ್ತಿ.

ಆ ಕೊನೆಯ ಪದರವನ್ನು ತಕ್ಷಣ ಉಜ್ಜಬೇಡಿ. ಮರದ ಅಂಟಿನಲ್ಲಿ ನೀರಿದೆ. ಪ್ಲಗ್ ಮತ್ತು ಸುತ್ತಲಿನ ಮರ ಆ ನೀರು ಕುಡಿದು ಉಬ್ಬುತ್ತವೆ. ಮರುದಿನ ಬೆಳಿಗ್ಗೆ ಅಂಟು ಗಟ್ಟಿಯಾಗಿರುತ್ತದೆ, ಆದರೆ ಮರ ಇನ್ನೂ ಉಬ್ಬಿರುತ್ತದೆ. ಆಗ ಸಮ ಮಾಡಿದರೆ ನೀರು ಆರಿದ ಮೇಲೆ ಆ ಜಾಗ ಕುಗ್ಗುತ್ತದೆ. ಹೊಳೆಯುವ ಫಿನಿಶ್ ಹಾಕಿ ಪಾಲಿಶ್ ಮಾಡಿದ ಮೇಲೆ ಬೆಳಕಿಗೆ ಓರೆಯಾಗಿ ಹಿಡಿದರೆ ಪ್ಲಗ್‌ನ ಸುತ್ತ ದುಂಡನೆಯ ಗೆರೆ ಕಾಣುತ್ತದೆ. ನಾನು ಅಂಟು ಹಾಕಿ ಒಂದು ವಾರ ಬಾಡಿಯನ್ನು ಪಕ್ಕಕ್ಕಿಟ್ಟುಬಿಡುತ್ತೇನೆ. ಆ ವಾರದಲ್ಲಿ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಭಾಗ) ವೈರಿಂಗ್, ಫ್ರೆಟ್ ತುದಿ ನಯ ಮಾಡುವುದು, ಇಂಥ ಕೆಲಸಗಳಿದ್ದೇ ಇರುತ್ತವೆ. ಇಪಾಕ್ಸಿಯ ದೊಡ್ಡ ಗುಣ ಇರುವುದು ಇಲ್ಲೇ ಅಂತ ಒಪ್ಪಿಕೊಳ್ಳಬೇಕು. ಅದರಲ್ಲಿ ನೀರಿಲ್ಲ, ಮರ ಉಬ್ಬುವುದಿಲ್ಲ, ಒಣಗುವಾಗ ಕುಗ್ಗುವುದೂ ತೀರಾ ಕಡಿಮೆ.

ಇಪಾಕ್ಸಿಯನ್ನು ನಾನು ಪೂರ್ತಿ ಬಿಟ್ಟಿಲ್ಲ. ರೂಟರ್ (ಮರ ತೋಡುವ ಯಂತ್ರ) ಜಾರಿ ಪಿಕಪ್ ಗುಂಡಿಯ ಗೋಡೆ ಹರಿದಿದ್ದರೆ, ಅಂಕುಡೊಂಕಾದ ಸಂದಿ ತುಂಬಲು ಅದಕ್ಕಿಂತ ಒಳ್ಳೆಯದು ಸಿಗಲಿಲ್ಲ. ಮರದ ಅಂಟು ಸಂದಿ ತುಂಬುವುದಿಲ್ಲ, ಬಿಗಿಯಾಗಿ ಕೂತ ಎರಡು ಮುಖಗಳನ್ನಷ್ಟೇ ಹಿಡಿಯುತ್ತದೆ. ಇಪಾಕ್ಸಿಯ ಎರಡು ಭಾಗಗಳ ಅಳತೆ ಹೇಳಿದಷ್ಟೇ ಇರಬೇಕು. ಹೆಚ್ಚುಕಡಿಮೆ ಆದರೆ ಅಂಟಂಟಾಗೇ ಉಳಿದು ಉಪ್ಪುಕಾಗದವನ್ನೆಲ್ಲ ಕಟ್ಟಿಸುತ್ತದೆ. ಐದು ನಿಮಿಷದ್ದಕ್ಕಿಂತ ನಿಧಾನಕ್ಕೆ ಗಟ್ಟಿಯಾಗುವ ಜಾತಿ ವಾಸಿ, ಎಳೆಯೊಳಗೆ ಇಳಿಯಲು ಅದಕ್ಕೆ ಸಮಯ ಸಿಗುತ್ತದೆ. ಸ್ಟೇನ್ ಮಾತ್ರ ಹಿಡಿಯುವುದಿಲ್ಲ.

ಸೂಪರ್ ಗ್ಲೂಗೆ ನನ್ನ ಡಬ್ಬದಲ್ಲಿ ಎರಡನೇ ಜಾಗ. ಕೂದಲೆಳೆಯಷ್ಟು ಬಿರುಕಿಗೆ ತೆಳು ಜಾತಿಯದು ತಾನಾಗೇ ಒಳಗೆ ಓಡುತ್ತದೆ. ಸ್ಕ್ರೂ ತೂತು ಸ್ವಲ್ಪ ಸಡಿಲವಾಗಿದ್ದರೆ ಒಳಗೋಡೆಗೆ ಕೆಲವು ಹನಿ ಬಿಟ್ಟು, ಪೂರ್ತಿ ಒಣಗಿದ ಮೇಲೆ ಸ್ಕ್ರೂ ತಿರುಗಿಸಿದರೆ ಮತ್ತೆ ಕಚ್ಚುತ್ತದೆ. ಒಣಗುವ ಮುಂಚೆ ಸ್ಕ್ರೂ ಹಾಕಿದರೆ ಅದು ಅಲ್ಲೇ ಕಾಯಂ. ಸ್ಟೇನ್ ಹಾಕುವ ಬರಿ ಮರದ ಮೇಲೆ ಮಾತ್ರ ಜೋಪಾನ. ಗ್ಲೂ ಎಳೆಯೊಳಗೆ ಹರಡಿ ಮರವನ್ನು ಮುಚ್ಚಿಬಿಡುತ್ತದೆ, ಅಲ್ಲಿ ಬಣ್ಣ ಹಿಡಿಯದೆ ಕಲೆ ಉಳಿಯುತ್ತದೆ. ಮೊದಲೇ ಸುತ್ತ ತೆಳುವಾಗಿ ಶೆಲ್ಲಾಕ್ (ಅರಗಿನ ವಾರ್ನಿಷ್) ಬಳಿದರೆ ಹರಡುವುದು ಕಡಿಮೆಯಾಗುತ್ತದೆ. ಕಿಟಕಿ ತೆರೆದಿಡಿ, ಇದರ ಹೊಗೆ ಕಣ್ಣು ಉರಿಸುತ್ತದೆ.

ಡಬ್ಬಿ ಫಿಲ್ಲರ್: ದಪ್ಪ ಪೇಂಟ್‌ನ ಕೆಳಗಿನ ಸಣ್ಣ ತಗ್ಗಿಗೆ ಸರಿ. ಒಣಗಿದಂತೆ ಕುಗ್ಗುತ್ತದೆ, ಸ್ಕ್ರೂ ಹಿಡಿಯುವುದೇ ಇಲ್ಲ.

ನೆಕ್ ಸ್ಕ್ರೂ ತೂತುಗಳಲ್ಲಿ ನನ್ನ ಮೆಚ್ಚಿನ ಪ್ಲಗ್ ಸೋಲುತ್ತದೆ. ಫೆಂಡರ್ ಕಂಪನಿ 1950ರಲ್ಲಿ ತಂದ ಗಿಟಾರುಗಳಿಂದ ಹಿಡಿದು ಇವತ್ತಿನ ಕಿಟ್‌ಗಳವರೆಗೆ ನೆಕ್ ಅನ್ನು ಬಾಡಿಗೆ ಸ್ಕ್ರೂಗಳಿಂದ ಬಿಗಿಯುವ ಪದ್ಧತಿ ನಡೆದು ಬಂದಿದೆ. ನೆಕ್‌ನೊಳಗೆ ಆ ಸ್ಕ್ರೂವಿನ ತೂತು ಕಿರಿದು, ಆಳ. ಅಷ್ಟುದ್ದದ ತೆಳು ಪ್ಲಗ್ ಕಟರ್‌ನಿಂದ ಮುರಿಯದೆ ಬರುವುದು ಕಷ್ಟ. ಅಲ್ಲಿ ಗಟ್ಟಿ ಮರದ ಡೋವೆಲ್ ಹಾಕಿ ಮರದ ಅಂಟು ಬಳಸುವುದೇ ಸುಲಭ. ಮೇಪಲ್ ಕೂಡ ಗಟ್ಟಿ ಇರುವುದರಿಂದ ಬಿಟ್ ಜಾರುವ ಕಾಟವೂ ಅಷ್ಟಿಲ್ಲ. ಎಳೆ ನಿಂತಿರುತ್ತದೆ, ಹಿಡಿತ ಸ್ವಲ್ಪ ಕಡಿಮೆ, ನಿಜ. ಪೈಲಟ್ ತೂತಿನ (ಸ್ಕ್ರೂ ಹಾಕುವ ಮುಂಚೆ ಕೊರೆಯುವ ಸಣ್ಣ ತೂತು) ಅಳತೆ ಸರಿ ಇಟ್ಟು, ಸ್ಕ್ರೂವಿಗೆ ಸ್ವಲ್ಪ ಮೇಣ ಸವರಿ ಬಿಗಿದರೆ ಸಾಕಾಗುತ್ತದೆ.

ನಟ್‌ನ ಸೀಳು ಆಳವಾಗಿ ತಂತಿ ಮೊದಲ ಫ್ರೆಟ್‌ಗೆ ತಾಗಿದರೆ ಮೂಳೆ ಪುಡಿ ಮತ್ತು ಸೂಪರ್ ಗ್ಲೂ ಸದ್ಯಕ್ಕೆ ನಡೆಯುತ್ತದೆ. ಹೊಸ ನಟ್ ಕೆತ್ತುವುದು ಉತ್ತಮ. ಬಾಡಿಯಲ್ಲಿ ನೆಕ್ ಕೂರುವ ಗುಂಡಿ ಆಳವಾಗಿದ್ದರೆ ಕಾಗದದ ಚೂರು ಮಡಚಿ ಇಡಬೇಡಿ. ಇಡೀ ತಳಕ್ಕೆ ಕೂರುವ ತೆಳು ಮೇಪಲ್ ವೆನೀರ್ (ಮರದ ಹಾಳೆ) ಹಾಕಿ.

ಖರ್ಚಿನ ಲೆಕ್ಕದಲ್ಲೂ ನನಗೆ ಪ್ಲಗ್ ಒಪ್ಪಿಗೆ. ಕಟರ್ ಒಮ್ಮೆ ತಗೊಂಡರೆ ಆಯಿತು, ಮರದ ಚೂರು ಹೇಗೂ ಬಿದ್ದಿರುತ್ತದೆ, ಅಂಟಿನ ಬಾಟಲಿ ಬೇರೆ ಕೆಲಸಕ್ಕೂ ಆಗುತ್ತದೆ. ಇಪಾಕ್ಸಿಯನ್ನು ಪ್ರತಿ ಸಲವೂ ಬೇಕಾದ್ದಕ್ಕಿಂತ ಜಾಸ್ತಿ ಕಲಸಿ ಎಸೆಯಬೇಕಾಗುತ್ತದೆ. ಸೂಪರ್ ಗ್ಲೂ ಟ್ಯೂಬ್ ತೆರೆದ ಮೇಲೆ ಬಾಯಲ್ಲೇ ಗಟ್ಟಿಯಾಗುತ್ತದೆ. ನಾನು ರಾತ್ರಿ ಊಟದ ಮೇಲೆ ಸ್ವಲ್ಪ ಹೊತ್ತು ಮಾತ್ರ ಕೆಲಸಕ್ಕೆ ಕೂರುವವನು, ಕಾಯುವುದು ನನಗೆ ಭಾರವಲ್ಲ. ಇದೇ ವಾರ ಗಿಟಾರ್ ಹಿಡಿದು ವೇದಿಕೆ ಹತ್ತಬೇಕಾದವರು, ಅದೂ ಬ್ರಿಜ್ ತಟ್ಟೆಯ ಕೆಳಗೆ ಮುಚ್ಚಿಹೋಗುವ ತೂತಾದರೆ, ಮೇಪಲ್‌ನಂಥ ಗಟ್ಟಿ ಬಾಡಿಯಲ್ಲಿ ಡೋವೆಲ್ ಹಾಕಿ ಮುಂದೆ ಹೋಗಬಹುದು. ಬಾಸ್‌ವುಡ್‌ಗೆ ಮಾತ್ರ ಅದನ್ನು ನಾನು ಹೇಳಲಾರೆ.

ನನ್ನ ಬಾಡಿಯಲ್ಲಿ ಬ್ರಿಜ್ ಈಗ ಸರಿಯಾದ ಜಾಗದಲ್ಲಿದೆ. ದಪ್ಪ ಇ ತಂತಿಯ ಸ್ಯಾಡಲ್‌ಗೆ ಹಿಂದೆ ಇನ್ನೂ ಜಾಗ ಉಳಿದಿದೆ. ಪಿಕ್‌ಗಾರ್ಡ್ ಪಕ್ಕದ ಪ್ಲಗ್ ಹತ್ತಿರದಿಂದ ಹುಡುಕಿದರೆ ಸಿಗುತ್ತದೆ, ಎಳೆಯ ಗೆರೆಗಳು ಅಲ್ಲಿ ಒಂದಕ್ಕೊಂದು ಪೂರ್ತಿ ಕೂಡಿಲ್ಲ. ಮುಂದಿನ ಬಾಡಿಗೆ ಬ್ರಿಜ್ ತೂತು ಕೊರೆಯದೆ ಕಳಿಸಿ ಅಂತಲೇ ಆರ್ಡರ್ ಕೊಟ್ಟಿದ್ದೇನೆ. ನೆಕ್ ಕೂರಿಸಿ, ತಂತಿ ಹೋಗುವ ದಾರಿಗೆ ಎರಡು ಅಂಚಿನಲ್ಲೂ ದಾರ ಎಳೆದು, ತೆಳು ಇ ತಂತಿಯ ಸ್ಯಾಡಲ್ ಅನ್ನು ಹೆಚ್ಚುಕಡಿಮೆ ಮುಂದಕ್ಕೆ ಇಟ್ಟು ಅಳೆದು, ಆಮೇಲೆ ನಾನೇ ಕೊರೆದುಕೊಳ್ಳುತ್ತೇನೆ.