ಮಾರುತಿ 800: ಎಂಜಿನ್‌ಗೆ ಪೂರ್ತಿ ಅಂಕ, ಮ್ಯಾಟ್ ಕೆಳಗಿನ ಲೆಕ್ಕ ಬೇರೆ

ನನ್ನ ಮೊದಲ ಕಾರಿಗೆ ಕೊಟ್ಟಿದ್ದು 72,000 ರೂಪಾಯಿ. 1997ರ ಮಾಡೆಲ್, ಬಿಳಿ ಬಣ್ಣ, ಎಸಿ ಇಲ್ಲ, ನಾಲ್ಕೇ ಗೇರು. 2005ರಲ್ಲಿ ಸೊಸೈಟಿ ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ತಗೊಂಡೆ. ಮನೆ ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿ, ಕೆಲಸ ಪೇಟೆಯಲ್ಲಿ. ಮಳೆಗಾಲ ಪೂರ್ತಿ ರೇನ್‌ಕೋಟ್ ಹಾಕಿಕೊಂಡು ಬೈಕ್ ಓಡಿಸಿ ಸಾಕಾಗಿ ಹೋಗಿತ್ತು. 2022ರವರೆಗೂ ಅದೇ ಕಾರು ಇಟ್ಟುಕೊಂಡಿದ್ದೆ. ಈಗಲೂ 'ಹಳೇ 800 ಸಿಕ್ಕಿದೆ, ತಗೊಳ್ಳಲಾ?' ಅಂತ ಕೇಳುವವರಿದ್ದಾರೆ. ಅವರಿಗಾಗಿ ಇಷ್ಟು.

796 ಸಿಸಿ, ಮೂರು ಸಿಲಿಂಡರ್ ಅನ್ನೋದೆಲ್ಲ ಎಲ್ಲರಿಗೂ ಗೊತ್ತು. ಚೋಕ್ ವಿಷಯ ಹೇಳುತ್ತೇನೆ, ಅಂದರೆ ಎಂಜಿನ್ ತಣ್ಣಗಿದ್ದಾಗ ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಜಾಸ್ತಿ ಹೋಗುವಂತೆ ಮಾಡಲು ಕೈಯಲ್ಲಿ ಎಳೆಯುವ ಗುಂಡಿ. ನನ್ನದು ಪೆಟ್ರೋಲ್, ಗಾಳಿ ಬೆರೆಸಲು ಹಳೇ ಕಾಲದ ಕಾರ್ಬೊರೇಟರ್ ಇರುವ ಗಾಡಿ. ಬೆಳಿಗ್ಗೆ ಚಳಿಗೆ ಸುಮ್ನೆ ಕೀ ತಿರುಗಿಸಿದರೆ ಏಳುವುದಿಲ್ಲ. ಚೋಕ್ ಪೂರ್ತಿ ಎಳೆಯಬೇಕು, ಆಕ್ಸಿಲರೇಟರ್ ಮುಟ್ಟಬಾರದು, ಆಮೇಲೆ ಕೀ. ಎರಡು ಸಲ ಗೊಣಗಿ ಸ್ಟಾರ್ಟ್ ಆಗುತ್ತದೆ, ತಕ್ಷಣ ಜೋರಾಗಿ ಕಿರುಚುತ್ತದೆ. ಆ ಕಿರುಚಾಟ ಒಂದು ಹದಕ್ಕೆ ಬಂದಾಗ ಚೋಕ್ ಅರ್ಧ ಒಳಗೆ. ಇಳಿದು ಹೋಗಿ ಗೇಟು ತೆಗೆದು ಬರುವಷ್ಟರಲ್ಲಿ ಸದ್ದು ಮತ್ತೆ ಏರಿರುತ್ತದೆ, ಆಗ ಪೂರ್ತಿ ಒಳಗೆ. ಮೊದಲೇ ತಳ್ಳಿದರೆ ಆಫ್. ತಡ ಮಾಡಿದರೆ ಅಂಗಳದ ತುಂಬ ಪೆಟ್ರೋಲ್ ವಾಸನೆ, ಹಿಂದಿನಿಂದ ಕಪ್ಪು ಹೊಗೆ. ನಮ್ಮನೆಯವಳು ಒಂದು ದಿನವೂ ಸ್ಟೇರಿಂಗ್ ಹಿಡಿದವಳಲ್ಲ. ಆದರೂ ಅಡುಗೆಮನೆಯಿಂದಲೇ ಸದ್ದು ಕೇಳಿ "ಚೋಕ್ ಒಳಗೆ ಹಾಕಿದ್ರಾ?" ಅಂತ ಕೂಗುತ್ತಿದ್ದಳು. ಹೆಚ್ಚು ಸಲ ಅವಳು ಹೇಳಿದ್ದೇ ಸರಿ ಇರುತ್ತಿತ್ತು. ಈಗಿನ ಕಾರಿನಲ್ಲಿ ಬಟನ್ ಒತ್ತಿದರೆ ಮುಗಿಯಿತು. ಅನುಕೂಲ ಹೌದು, ಮಜಾ ಇಲ್ಲ.

ಆಗುಂಬೆ ಘಾಟಿಯಲ್ಲಿ 14 ತಿರುವು. ಉಡುಪಿಯಿಂದ ವಾಪಸ್ ಬರುವಾಗ ನಾಲ್ಕು ಜನ, ಮೇಲೆ ಎರಡು ಹಲಸಿನಹಣ್ಣು ಹೇರಿಕೊಂಡು ಸೆಕೆಂಡ್ ಗೇರಿನಲ್ಲಿ ಏರುತ್ತಿತ್ತು. ಕಡಿದಾದ ತಿರುವಿಗೆ ಮಾತ್ರ ಫಸ್ಟ್. ಪವರ್ ಸ್ಟೇರಿಂಗ್ ಇಲ್ಲ ಅಂತ ಅನ್ನಿಸಲೇ ಇಲ್ಲ, ಗಾಡಿಯೇ ಅಷ್ಟು ಹಗುರ. ಎಸಿ ಇಲ್ಲದ್ದು ಮಾತ್ರ ಮಳೆಯಲ್ಲಿ ಕಾಡುತ್ತಿತ್ತು. ಕಿಟಕಿ ಮುಚ್ಚಿದರೆ ಗಾಜು ಮಂಜಾಗುತ್ತದೆ, ತೆಗೆದರೆ ಭುಜ ಒದ್ದೆ. ಎರಡು ಬೆರಳಷ್ಟು ಇಳಿಸಿ, ಹಳೇ ಬನಿಯನ್ ಚೂರಿನಲ್ಲಿ ಗಾಜು ಒರೆಸುತ್ತಾ ಹೋಗಬೇಕು. ಒಮ್ಮೆ ವೈಪರ್ ಕೈಕೊಟ್ಟಾಗ ಒಬ್ಬ ಲಾರಿ ಡ್ರೈವರ್ ಹೊಗೆಸೊಪ್ಪು ಕೊಟ್ಟು ಗಾಜಿಗೆ ತಿಕ್ಕಲು ಹೇಳಿದ. ನೀರು ಹನಿಹನಿಯಾಗಿ ನಿಲ್ಲದೆ ಹರಿದುಹೋಗುತ್ತದೆ, ದಾರಿ ಕಾಣುತ್ತದೆ. ಮಲೆನಾಡಿನವರು ಡ್ಯಾಶ್‌ಬೋರ್ಡ್‌ನಲ್ಲಿ ಒಂದು ಎಸಳು ಇಟ್ಟುಕೊಂಡರೆ ನಷ್ಟವಿಲ್ಲ.

ಇಲ್ಲಿವರೆಗೆ ಎಲ್ಲ ಚೆಂದ ಅಲ್ವಾ. ಇನ್ನು ಮ್ಯಾಟ್ ಕಥೆ.

ನನಗೆ ಮಾರಿದವರು ಕಾರಿನೊಳಗೆ ನೆಲದ ತುಂಬ ದಪ್ಪ ವಿನೈಲ್ ಹಾಸಿ, ಅಂಚಿಗೆಲ್ಲ ಗಮ್ ಹಾಕಿ ಅಂಟಿಸಿದ್ದರು. ಅದರ ಕೆಳಗೆ ಫೋಮ್. 'ಹೊಸ ಕಾರಿನ ಹಾಗಿದೆ' ಅಂತ ಅದನ್ನೇ ತೋರಿಸಿ ರೇಟು ಹೇಳಿದ್ದು. ಮೊದಲ ಆಷಾಢದಲ್ಲೇ ಒಳಗೆ ಒದ್ದೆ ಸಾಕ್ಸ್ ವಾಸನೆ ಶುರುವಾಯಿತು. ಅಡಿಕೆ ಮೂಟೆ ಹಾಕಿದ್ದಕ್ಕೆ ಇರಬೇಕು ಅಂತ ಮನೆಯಲ್ಲಿ ಎಲ್ಲರೂ ಅಂದರು. ಆಮೇಲೆ ಬ್ರೇಕ್ ಒತ್ತಿದಾಗ ಕಾಲ ಕೆಳಗೆ ಪಚಕ್ ಅನ್ನತೊಡಗಿತು.

ಟಿಂಕರಿಂಗ್ ಮಾಡುವವರ ಹತ್ತಿರ ಒಯ್ದೆ. ಅವರು ಸೀಟು ಬಿಚ್ಚಿ, ವಿನೈಲ್ ಹರಿದು ತೆಗೆದರು. ಫೋಮ್ ಹಿಂಡಿದರೆ ಕಂದು ನೀರು. ಕೆಳಗಿನ ತಗಡಿನ ಮೇಲೆ ಸ್ಕ್ರೂ ಡ್ರೈವರ್ ಇಟ್ಟು ಮೆಲ್ಲಗೆ ಒತ್ತಿದರು, ಅದು ಸೀದಾ ಆಚೆ ಹೋಯಿತು. ತೂತಿನಲ್ಲಿ ಶೆಡ್ಡಿನ ನೆಲ ಕಂಡಿತು. "ಮಾರಾಯ್ರೆ, ಇದು ಕಾರಲ್ಲ, ನಾಟಿ ಮಾಡೋ ಗದ್ದೆ" ಅಂದರು.

ಆಗಿದ್ದು ಇಷ್ಟೇ. ಮುಂದಿನ ಗಾಜಿನ ರಬ್ಬರ್ ಒಂದು ಮೂಲೆಯಲ್ಲಿ ಬಿರಿದಿತ್ತು. ನೀರು ಡ್ಯಾಶ್‌ಬೋರ್ಡ್ ಹಿಂದಿನಿಂದ ಇಳಿದು ಫೋಮ್ ಸೇರುತ್ತಿತ್ತು. ಬಾಗಿಲ ಅಡಿಯ ನೀರು ಹೋಗುವ ಸಣ್ಣ ಕಂಡಿಗಳಿಗೆ ತರಗೆಲೆ, ಮಣ್ಣು ಕಟ್ಟಿಕೊಂಡಿತ್ತು. ಮೇಲೆ ವಿನೈಲ್ ಹೊದಿಕೆ, ಆರಲು ದಾರಿಯೇ ಇಲ್ಲ. ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಆಗುಂಬೆಯ ಪಕ್ಕದಲ್ಲಿ ಯಾವ ಕಂಪನಿಯ ತಗಡೂ ಹೀಗೆ ನೆನೆಸಿಟ್ಟರೆ ಉಳಿಯುವುದಿಲ್ಲ. ಇಂಥ ಕಾರಿಗೆ ಕೆಳಗೆ ಚಾಸಿ ಅಂತ ಬೇರೆ ಚೌಕಟ್ಟು ಇರುವುದಿಲ್ಲ, ಬಾಡಿಯೇ ಭಾರ ಹೊರಬೇಕು. ಹಾಗಾಗಿ ನೆಲ ಹೋದರೆ ನೋಡಲು ಚೆಂದ ಇಲ್ಲ ಅಂತ ಬಿಡುವ ವಿಷಯ ಅಲ್ಲ ಇದು.

ಹೊಸ ತಗಡು ಕತ್ತರಿಸಿ ಗ್ಯಾಸ್ ವೆಲ್ಡಿಂಗ್, ತುಕ್ಕು ತಡೆಯಲು ರೆಡ್ ಆಕ್ಸೈಡ್ ಬಣ್ಣ, ಕೆಳಗೆ ಕಪ್ಪು ಕೋಟಿಂಗ್, ಗಾಜಿಗೆ ಹೊಸ ರಬ್ಬರ್. ಮೊದಲ ಬಿಲ್ಲು 11,000. ಮುಂದೆ ಹಿಂದಿನ ಸೀಟಿನ ಕೆಳಗೂ ಅದೇ ಕೆಲಸ ಬಂತು. ಎಂಜಿನ್‌ಗೆ ನಾನು ಅಷ್ಟು ವರ್ಷದಲ್ಲಿ ಹಾಕಿದ ದುಡ್ಡು ತಗಡಿಗೆ ಹಾಕಿದ್ದರ ಅರ್ಧವೂ ಇಲ್ಲ. ಆಯಿಲ್, ಪ್ಲಗ್, ಒಂದೆರಡು ಕ್ಲಚ್ ಕೇಬಲ್, ಅಷ್ಟೇ. ಕೇಬಲ್ ಕೊಪ್ಪದಲ್ಲಿ ತುಂಡಾದರೆ ಕೊಪ್ಪದಲ್ಲೇ ಸಿಗುತ್ತಿತ್ತು, ಊಟ ಮುಗಿಸಿ ಬರುವಷ್ಟರಲ್ಲಿ ಹಾಕಿಕೊಡುತ್ತಿದ್ದರು. ನನ್ನ ಸಂಬಳಕ್ಕೆ ಕಾರು ಸಾಕಲು ಆಗಿದ್ದು ಇದೇ ಕಾರಣಕ್ಕೆ. 2014ರ ಜನವರಿಯಲ್ಲಿ 800 ತಯಾರಿಕೆಯೇ ನಿಂತಿತು, ಆಮೇಲೂ ಪಾರ್ಟ್ಸ್‌ಗೆ ಅಲೆದದ್ದಿಲ್ಲ.

ಮಾರಿದ್ದು ಸಿಟ್ಟಿನಿಂದಲ್ಲ, ಲೆಕ್ಕ ಹಾಕಿ. 15 ವರ್ಷ ದಾಟಿದ ಮೇಲೆ ಐದು ವರ್ಷಕ್ಕೊಮ್ಮೆ ಆರ್‌ಸಿ, ಅಂದರೆ ಗಾಡಿಯ ನೋಂದಣಿ ಪತ್ರ, ನವೀಕರಿಸಬೇಕು. 2022ರ ಏಪ್ರಿಲ್‌ನಿಂದ 600 ಇದ್ದ ಶುಲ್ಕ 5,000 ಆಯಿತು, ನನ್ನ ಗಾಡಿಯ ಸರದಿ ಬಂದದ್ದೂ ಆ ವರ್ಷವೇ. ಹಳೇ ಗಾಡಿಗೆ ಹಾಕುವ ಹಸಿರು ತೆರಿಗೆ, ಇನ್ಶೂರೆನ್ಸ್, ಜೊತೆಗೆ ಮತ್ತೆ ತಗಡು ಕೆಲಸ. ಶಿವಮೊಗ್ಗದ ಒಬ್ಬ ಹುಡುಗ ಹಳೇ ಕಾರು ರಿಪೇರಿ ಮಾಡುವ ಹುಚ್ಚಿನವ, 22,000ಕ್ಕೆ ಒಯ್ದ. ಅವನಿಗೆ ಎಲ್ಲ ಪ್ಯಾಚ್ ತೋರಿಸಿಯೇ ಕೊಟ್ಟೆ.

ಈಗ ತಗೊಳ್ಳಬಹುದಾ ಅಂದರೆ, ಒಣ ಊರಿನ ಗಾಡಿ ಸಿಕ್ಕರೆ ಧಾರಾಳವಾಗಿ ತಗೊಳ್ಳಿ. ಕರಾವಳಿ, ಮಲೆನಾಡಿನ ಗಾಡಿಯಾದರೆ ಬಾನೆಟ್ ಆಮೇಲೆ ತೆಗೆಯಿರಿ. ಮೊದಲು ಡ್ರೈವರ್ ಕಾಲಿನ ಹತ್ತಿರ ಮ್ಯಾಟ್ ಎತ್ತಿ, ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ನೋಡಿ. ಎತ್ತಲು ಬಿಡದಿದ್ದರೆ ಅವರು ಕೊಟ್ಟ ಕಾಫಿ ಕುಡಿದು ಮನೆಗೆ ಬನ್ನಿ.