ಸಿಆರ್-39 ಹಾಳೆ: ಕೆಲಸ ನಿಧಾನ, ಆದರೂ ನನ್ನ ಆಯ್ಕೆ ಇದೇ

ಲೇಸರ್ ಪ್ರಯೋಗಗಳಿಂದ ಬರುವ ಸಿಆರ್-39 ಅನ್ನೋ ಪ್ಲಾಸ್ಟಿಕ್ ಹಾಳೆಗಳನ್ನು ಎಚ್ ಮಾಡಿ, ಅಂದರೆ ರಾಸಾಯನಿಕದಲ್ಲಿ ಸ್ವಲ್ಪ ಕರಗಿಸಿ, ಮೈಕ್ರೋಸ್ಕೋಪಿನಲ್ಲಿ ಓದುವುದು ನನ್ನ ಕೆಲಸ. ಪ್ಲಾಸ್ಮಾ (ವಿದ್ಯುದಾವೇಶದ ಕಣಗಳಾಗಿ ಒಡೆದ ಬಿಸಿ ಅನಿಲ) ಶಾಕ್, ಅಂದರೆ ಆಘಾತ ತರಂಗದ ಪ್ರಯೋಗಕ್ಕೆ ಕಣ ಹಿಡಿಯುವ ಡಿಟೆಕ್ಟರ್ ಹುಡುಕುತ್ತಿದ್ದರೆ ಇದನ್ನೇ ತೊಗೊಳ್ಳಿ ಅಂತ ಧೈರ್ಯವಾಗಿ ಹೇಳುತ್ತೇನೆ.

ಕನ್ನಡಕದ ಲೆನ್ಸ್ ಮಾಡುತ್ತಾರಲ್ಲ, ಅದೇ ಪ್ಲಾಸ್ಟಿಕ್ ಇದು. ವೈರ್ ಇಲ್ಲ, ಕರೆಂಟ್ ಬೇಡ. ಲೇಸರ್ ಬಡಿದ ಕ್ಷಣದಲ್ಲಿ ಎಕ್ಸ್-ರೇ, ಎಲೆಕ್ಟ್ರಾನ್, ವಿದ್ಯುತ್ ಗದ್ದಲ ಎಲ್ಲ ಒಟ್ಟಿಗೆ ನುಗ್ಗುತ್ತವೆ. ಎಲೆಕ್ಟ್ರಾನಿಕ್ ಉಪಕರಣಗಳು ಅಲ್ಲಿ ತತ್ತರಿಸುತ್ತವೆ. ಈ ಹಾಳೆಗೆ ಅದ್ಯಾವುದೂ ತಟ್ಟುವುದಿಲ್ಲ. ಪ್ರೋಟಾನ್‌ನಂಥ ಭಾರವಾದ ಕಣ ಹೊಕ್ಕ ಗುರುತನ್ನು ಮಾತ್ರ ಇಟ್ಟುಕೊಳ್ಳುತ್ತದೆ.

ಆ ಗುರುತೇ ನಮಗೆ ಬೇಕಾದದ್ದು. ನಕ್ಷತ್ರ ಸೂಪರ್‌ನೋವಾ ಆಗಿ ಸಿಡಿದಾಗ ಏಳುವ ಶಾಕ್‌ನಲ್ಲಿ ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದೇ ಅಪರೂಪ. ಅವನ್ನು ತಡೆದು ನಿಲ್ಲಿಸುವುದು ಕಾಂತಕ್ಷೇತ್ರ. ಲ್ಯಾಬಿನಲ್ಲಿ ಅದನ್ನು ನೋಡಲು ಎದುರುಬದುರು ಎರಡು ಬಿಲ್ಲೆಗಳಿಗೆ ಲೇಸರ್ ಹೊಡೆಯುತ್ತಾರೆ. ಸೆಕೆಂಡಿಗೆ ಸುಮಾರು 1000 ಕಿ.ಮೀ. ವೇಗದ ಎರಡು ಪ್ಲಾಸ್ಮಾ ಹರಿವುಗಳು ನಡುವೆ ಸೇರುತ್ತವೆ. ಪಕ್ಕದಲ್ಲಿ ಡ್ಯುಟೀರಿಯಂ (ಭಾರದ ಹೈಡ್ರೋಜನ್) ಮತ್ತು ಹೀಲಿಯಂ-3 ತುಂಬಿದ ಪುಟ್ಟ ಗೋಲಿಯನ್ನು ಲೇಸರಿನಿಂದಲೇ ಅಮುಕಿದರೆ 3 ಮತ್ತು 14.7 ಎಂಇವಿ (ಕಣದ ಶಕ್ತಿ ಅಳೆಯುವ ಮಾನ) ಶಕ್ತಿಯ ಪ್ರೋಟಾನ್‌ಗಳು ಹೊರಡುತ್ತವೆ. ಕಾಂತಕ್ಷೇತ್ರ ಅವುಗಳ ದಾರಿ ಬಾಗಿಸುತ್ತದೆ. ಹೆಚ್ಚು ಶಕ್ತಿಯವು ಮೊದಲು ದಾಟುತ್ತವೆ, ಕಡಿಮೆ ಶಕ್ತಿಯವು ಆಮೇಲೆ. ಹಾಗಾಗಿ ಒಂದರ ಹಿಂದೊಂದು ಎರಡು ಹಾಳೆ, ನಡುವೆ ಸರಿಯಾದ ಫಿಲ್ಟರ್ ಇಟ್ಟರೆ ಒಂದೇ ಶಾಟ್‌ನಲ್ಲಿ (ಒಂದು ಸಲದ ಲೇಸರ್ ಹೊಡೆತದಲ್ಲಿ) ಎರಡು ಗಳಿಗೆಯ ಚಿತ್ರ ಸಿಗುತ್ತದೆ. ಇದು ನನಗೆ ತುಂಬಾ ಇಷ್ಟ.

ಶಾಟ್ ಆದ ಮೇಲೆ ಹಾಳೆ ನೋಡಿದರೆ ಏನೂ ಕಾಣಿಸುವುದಿಲ್ಲ. 80 ಡಿಗ್ರಿ ಬಿಸಿಯ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಗಂಟೆಗಟ್ಟಲೆ ಮುಳುಗಿಸಿಡಬೇಕು. ಪ್ರೋಟಾನ್ ಹೊಕ್ಕ ಜಾಗ ಬೇಗ ಕರಗಿ ಕುಳಿಯಾಗುತ್ತದೆ. ಮೈಕ್ರೋಸ್ಕೋಪಿನಲ್ಲಿ ಒಂದೊಂದು ಕುಳಿಯೂ ದುಂಡಗೆ, ಅಂಚು ಕಪ್ಪಾಗಿ ಕಾಣುತ್ತದೆ. ಎಲ್ಲಿ ಜಾಸ್ತಿ, ಎಲ್ಲಿ ಕಡಿಮೆ ಅಂತ ಎಣಿಸಿ ನಕ್ಷೆ ಮಾಡಿದಾಗ ಉದ್ದುದ್ದ ಎಳೆಗಳು ಮೂಡುತ್ತವೆ. ವೈಬೆಲ್ ಅಸ್ಥಿರತೆ, ಅಂದರೆ ಪ್ಲಾಸ್ಮಾ ಹರಿವುಗಳು ಒಂದರೊಳಗೊಂದು ನುಗ್ಗಿದಾಗ ತಾನಾಗಿ ಬೆಳೆಯುವ ಏರುಪೇರು, ಹುಟ್ಟಿಸುವ ಕಾಂತೀಯ ಎಳೆಗಳು ಅವು. ಅಮೆರಿಕದ ಒಮೆಗಾ ಲೇಸರಿನಲ್ಲಿ ತೆಗೆದು 2015ರಲ್ಲಿ ಪ್ರಕಟಿಸಿದ ಅಂಥ ಚಿತ್ರಗಳೂ ಮೂಡಿದ್ದು ಸಿಆರ್-39 ಮೇಲೆಯೇ.

ತೊಂದರೆಗಳೂ ಇವೆ. ಮುಂದಿನ ಶಾಟ್‌ಗೆ ಏನು ಬದಲಿಸಬೇಕೆಂದು ತಂಡ ಕೇಳುತ್ತಾ ನಿಂತಿರುತ್ತದೆ, ಹಾಳೆ ಇನ್ನೂ ಬಿಸಿ ದ್ರಾವಣದಲ್ಲೇ ಇರುತ್ತದೆ. ಪ್ರೋಟಾನ್ ಜಾಸ್ತಿ ಬಿದ್ದರೆ ಕುಳಿಗಳು ಒಂದರ ಮೇಲೊಂದು ಬಿದ್ದು ಎಣಿಕೆ ಕೆಡುತ್ತದೆ. ಒಮ್ಮೆ ಬಳಸಿದ ಹಾಳೆ ಮತ್ತೆ ಬಳಕೆಗೆ ಬರುವುದಿಲ್ಲ. ನನಗೆ ನಿಜಕ್ಕೂ ಬೇಜಾರು ತರಿಸಿದ್ದು ಬ್ಯಾಚ್‌ನಿಂದ ಬ್ಯಾಚ್‌ಗೆ ಬರುವ ವ್ಯತ್ಯಾಸ. ಒಂದೇ ಕಡೆಯಿಂದ ತರಿಸಿದ ಎರಡು ಬ್ಯಾಚ್‌ಗಳಲ್ಲಿ ಅದೇ ಎಚ್‌ಗೆ ಕುಳಿಯ ಗಾತ್ರ ಬೇರೆ ಬೇರೆ ಬಂತು. ದುಡ್ಡು ಕೊಟ್ಟವರಿಗೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ?

ಕೊಳ್ಳುವವರು ಪ್ರತಿ ಬ್ಯಾಚ್‌ನಿಂದ ಒಂದು ತುಂಡನ್ನು ಆಲ್ಫಾ ಕಣ ಹೊರಸೂಸುವ ವಿಕಿರಣ ಮೂಲದ ಮುಂದಿಟ್ಟು ಪರೀಕ್ಷಿಸಿ. ಮೇಲಿನ ತೆಳು ಹೊದಿಕೆಯನ್ನು ಶಾಟ್‌ಗೆ ಸಿದ್ಧಪಡಿಸುವವರೆಗೂ ಕೀಳಬೇಡಿ. ಗಾಳಿಯಲ್ಲಿರುವ ರೇಡಾನ್ ಎಂಬ ವಿಕಿರಣಶೀಲ ಅನಿಲ ಕೂಡ ಇದರ ಮೇಲೆ ಗುರುತು ಬಿಡುತ್ತದೆ.